ಸುಣ್ಣದ ಹೇರು

ಎಲೆಗೆ ಸುಣ್ಣ ಹಚ್ಚುವುದಿಲ್ಲ ನಾನು.
ಬಾಯಿ ಕೆಂಪಾಗದಿದ್ದರೆ ಬೇಡ.
ಯಾಕೆಂದು ಕೇಳುತ್ತೀರಿ ಎಲ್ಲರೂ,
ಅಡಿಕೆ ಹೋಳು ದವಡೆಗೆ ಸೇರುವಷ್ಟು ಹೊತ್ತು ಕೂತಿರಿ.

ನನ್ನ ಕೆಲಸ ನೀರು ಮೊಗೆಯುವುದು.
ಹನ್ನೊಂದನೆಯ ವಯಸ್ಸಿಗೆ ಹತ್ತಿದೆ, ಕೈಗೊಂದು ಮರಿಗೆ ಕೊಟ್ಟರು.
ಹಾಯಿ ಬಿಚ್ಚುವವರಿಗೆ ಆಕಾಶ ಕಾಣುತ್ತಿತ್ತು,
ಚುಕ್ಕಾಣಿ ಹಿಡಿದ ಅಂದುಂಞಿ ತಂಡೇಲರಿಗೆ
ಬೇಕಲದ ಕೋಟೆ, ಏಳಿಮಲೆಯ ಬೆನ್ನು.
ನನಗೆ ಕಂಡದ್ದು ಹಲಗೆಯ ಒಳಮೈ,
ಮೀನೆಣ್ಣೆಯ ನಾತ,
ಎಡಬದಿಯ ಮೂರನೆಯ ಹಲಗೆಯಲ್ಲಿ
ಹಗಲೂ ರಾತ್ರಿ ಜಿನುಗುವ ಒಂದು ಸಂದು.

ಹಿಂಬದಿಗೆ ಬರೆಸಿದ್ದು ದೇವರ ಹೆಸರು.
ಕುಂಬಳೆಯ ಅಳಿವೆಯಲ್ಲಿ ಎಲ್ಲರೂ ಕರೆದದ್ದು ಕುಂಟಕ್ಕ ಎಂದೇ:
ಎಡಕ್ಕೆ ವಾಲಿ ನಡೆಯುವ ಮಂಜಿ.
ದೂಮಣ್ಣ ಆಚಾರಿ ಬಲಕ್ಕೆ ಒಳ್ಳೆಯ ಹೆಬ್ಬಲಸು ಹೊಡೆದನಂತೆ,
ಎಡಕ್ಕೆ ತಿರುಗುವಾಗ ಕಾಮ್ತಿಯವರ ದುಡ್ಡು ಮುಗಿದು
ಸಿಕ್ಕಿದ ಮರ.
‘ಕುಂಟಿದರೇನು, ಹೊರುತ್ತಾಳಲ್ಲ’ ಎಂದನಂತೆ.

ಹೊತ್ತಳು.
ಮಂಗಳೂರಿನ ಹಂಚು, ಬೈಹುಲ್ಲಿನ ನಡುವೆ ಮಲಗಿಸಿ.
ತೆಂಕಣಿಂದ ಬರುವಾಗ ಕತ್ತದ ಹುರಿ, ಕೊಬ್ಬರಿ.
ಒಮ್ಮೆ ಹದಿನಾಲ್ಕು ಎಮ್ಮೆ.
ಒಮ್ಮೆ ಮದುವೆಯ ದಿಬ್ಬಣ; ಮದುಮಗಳು
ತಳಂಗರೆಯವರೆಗೂ ಕಕ್ಕಿದಳು,
ನಾನು ಅದೇ ಮರಿಗೆ ಹಿಡಿದೆ.

ಗೋವೆಯಿಂದ ಉಪ್ಪು ತಂದ ವರ್ಷ
ಭಟ್ಕಳದ ಹೊರಗೆ ಗಾಳಿ ಕೆಟ್ಟು ಮೂರು ದಿನ ಮೊಗೆದೆ.
ಕುಂಬಳೆಗೆ ಬಂದು ಮಡಲು ಸರಿಸಿದರೆ ಬರೀ ಒದ್ದೆ ಗೋಣಿ.
ಹೇರನ್ನೆಲ್ಲ ನಾನೇ
ಮರಿಗೆ ಮರಿಗೆಯಾಗಿ ಕಡಲಿಗೆ ವಾಪಸು ಕೊಟ್ಟಿದ್ದೆ.
ಕಾಮ್ತಿಯವರು ಹೊಯ್ಗೆಯಲ್ಲೇ ಕುಸಿದು ಕೂತರು.
ತಂಡೇಲರು ಬೀಡಿ ಹಚ್ಚಿ
‘ಕೊಟ್ಟವನಿಗೇ ಮುಟ್ಟಿತಲ್ಲ’ ಎಂದರು.
ಆವತ್ತು ಬಹಳ ನಕ್ಕೆವು.

ಪತ್ತನಾಜೆ ಕಳೆದರೆ ಅವಳನ್ನು ದಡಕ್ಕೆಳೆಯುವುದು,
ಅಡಿಗೆ ತೆಂಗಿನ ಕಾಂಡ, ನಲವತ್ತು ಹೆಗಲು.
ಮಳೆಗಾಲವಿಡೀ ಚಪ್ಪರದಡಿ
ಸಂದಿಗೆ ಹತ್ತಿ ತುರುಕಿ ರಾಳ ಮೆತ್ತುವ ಆಚಾರಿಯ ಮಗ,
ಅವನ ಉಳಿಯ ಟಕ್ ಟಕ್.
ನೂಲ ಹುಣ್ಣಿಮೆಗೆ ಕಾಯಿ ಬಿಟ್ಟು ಮತ್ತೆ ನೀರಿಗೆ.
ಆ ವರ್ಷ ರಾಳ ಕಡಿಮೆ ಬಿತ್ತು.
‘ಐತಾ, ಆ ಮೂರನೆಯ ಹಲಗೆ ನೀನು ನೋಡಿಕೋ’ ಎಂದ.
ನೋಡಿಕೊಂಡೆ.
ನೋಡಿಕೊಂಡೆ ಅಂತಲೇ ಹೇಳಿದ್ದೇನೆ ಇದುವರೆಗೆ.

ಹಂಚು ಆಗಲೇ ಲಾರಿ ಹತ್ತಿತ್ತು.
ಕುಂಟಕ್ಕನಿಗೆ ಉಳಿದದ್ದು ಉಳಿದವರು ಒಲ್ಲದ ಹೇರು:
ಚಿಪ್ಪು ಸುಟ್ಟ ಸುಣ್ಣ, ಇನ್ನೂ ನೀರು ಕಾಣದ್ದು,
ಇನ್ನೂರು ಮೂಟೆ, ಕಣ್ಣೂರಿಗೆ.

ಹೊಸದುರ್ಗದ ನೇರಕ್ಕೆ, ನಸುಕಿನಲ್ಲಿ,
ಮೊದಲು ಬಂದದ್ದು ವಾಸನೆ,
ಹಬ್ಬಕ್ಕೆ ಗೋಡೆ ಬಳಿದ ಮನೆಯ ಹಾಗೆ.
ನಿದ್ದೆಗಣ್ಣಿಗೆ ಹಿತವಾಗಿತ್ತು.
ಆಮೇಲೆ ಹಲಗೆ ಅಂಗೈಗೆ ಬಿಸಿ.
ಆಮೇಲೆ ಮೂಟೆ ಬಾತು, ಬಿರಿದು,
ಒಳಗೆಲ್ಲ ಕೊತ ಕೊತ.
ಯಾರೋ ಕೊಡಪಾನ ಎತ್ತಿದ,
ತಂಡೇಲರು ಅವನ ರಟ್ಟೆ ಹಿಡಿದರು.
ಸುತ್ತ ಕಡಲು.
ಒಂದು ಹನಿ ಹಾಕುವ ಹಾಗಿಲ್ಲ.

ಹಾಯಿ ಕೊನೆಗೆ ಹತ್ತಿಕೊಂಡಿತು.
ಕಿರುದೋಣಿಯಲ್ಲಿ ಕೂತು ನೋಡಿದೆವು ಎಂಟು ಜನ.
ಬೇಯುತ್ತ ಬೇಯುತ್ತ ಒಂದು ಗಳಿಗೆ
ಅವಳು ನೆಟ್ಟಗೆ ನಿಂತಳು,
ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ.
ಹಾಗೆ ನಿಂತದ್ದನ್ನು ಯಾರೂ ಕಂಡಿರಲಿಲ್ಲ.
ತಂಡೇಲರು ತಲೆಯ ಬಟ್ಟೆ ತೆಗೆದು ಮಡಿಲಲ್ಲಿಟ್ಟುಕೊಂಡರು,
ನನ್ನ ಕಡೆ ನೋಡಿದರು,
ಏನೂ ಕೇಳಲಿಲ್ಲ.

ನನ್ನ ಕೈಯಲ್ಲಿ ಮರಿಗೆ ಇತ್ತು.
ದೋಣಿಯಡಿಯಲ್ಲೂ ಸ್ವಲ್ಪ ನೀರಿತ್ತು.
ಮೊಗೆದೆ.